ಟ್ರ್ಯಾಕ್ಟರಿಗೆ ಕಿವಿ ಇರಲಿಲ್ಲ

ಹಳೆಯ ಟ್ರ್ಯಾಕ್ಟರೊಂದನ್ನು ಕೊಳ್ಳಲು ಹೋದ ದಿನ ನಮ್ಮ ಅಪ್ಪ ಅದರ ಮುಂದೆ ನಿಂತು ಮೊದಲು ಮಾಡಿದ ಕೆಲಸವೆಂದರೆ ಅಂಗೈಯಿಂದ ಅದರ ಹಣೆ ಸವರಿದ್ದು. ಹಣೆ ಎಂದು ನಾನು ಹೇಳುತ್ತಿರುವುದು ಎಂಜಿನ್ನಿನ ತಗಡಿನ ಮುಚ್ಚಳದ ಮುಂಭಾಗವನ್ನು, ಎರಡು ದೀಪಗಳ ನಡುವಿನ ಜಾಗವನ್ನು. ಎತ್ತಾಗಿದ್ದರೆ ಅಲ್ಲಿ ಸುಳಿ ಹುಡುಕಬಹುದಿತ್ತು. ಈ ಟ್ರ್ಯಾಕ್ಟರಿನ ಹಣೆಯಲ್ಲಿ ಒಂದು ಆಯುಧಪೂಜೆಯ ವಿಭೂತಿಯ ಮೇಲೆ ಇನ್ನೊಂದು ಆಯುಧಪೂಜೆಯ ವಿಭೂತಿ ಪದರ ಪದರವಾಗಿ ಕೂತು ಗಟ್ಟಿಯಾಗಿತ್ತು. ಅಪ್ಪ ಅದನ್ನು ಸವರಿ, ಕೈಯನ್ನು ಪಂಚೆಗೆ ಒರೆಸಿಕೊಂಡು, "ಮುಖ ಚೆನ್ನಾಗೈತೆ" ಎಂದರು.

ನೀವು ನಗುತ್ತಿದ್ದರೆ ನನ್ನ ಅಭ್ಯಂತರವಿಲ್ಲ. ಅಂದು ನಾನೂ ಒಳಗೊಳಗೇ ನಕ್ಕವಳೇ. ಆದರೆ ಮೂವತ್ತು ವರ್ಷ ಎತ್ತುಗಳನ್ನೇ ಕೊಂಡು, ಎತ್ತುಗಳನ್ನೇ ಮಾರಿದ ಮನುಷ್ಯನಿಗೆ ಕೊಳ್ಳುವುದು ಎಂಬುದಕ್ಕೆ ಇರುವುದು ಒಂದೇ ವಿಧಾನ. ಚಿಕ್ಕಜಾಜೂರಿನಿಂದ ಎರಡು ಮೈಲಿ ಒಳಗಿರುವ ನಮ್ಮ ಊರಿನಲ್ಲಿ ಯಾರೇ ಜೋಡಿ ಕಟ್ಟಬೇಕೆಂದರೂ ಅಪ್ಪನನ್ನು ಕರೆದೊಯ್ಯುತ್ತಿದ್ದರು. ಎತ್ತಿನ ಪರೀಕ್ಷೆಯಲ್ಲಿ ಅವರದು ಎತ್ತಿದ ಕೈ ಎಂದು ನಾನು ಹೇಳಿದರೆ ಅವ್ವ, "ಮಾತಾಡಾದ್ರಾಗೂ ಅಷ್ಟೇ" ಎಂದು ಸೇರಿಸುತ್ತಿದ್ದಳು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಸುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬುತ್ತಿತ್ತು, ನೇಗಿಲಿಗೆ ಕಾಯುವಷ್ಟು ವ್ಯವಧಾನ ಯಾರಿಗೂ ಉಳಿದಿರಲಿಲ್ಲ. ಅಪ್ಪನೂ ಒಂದು ದಿನ ಮನಸ್ಸು ಗಟ್ಟಿಮಾಡಿ, ಇದ್ದ ಎರಡು ಎತ್ತುಗಳನ್ನು ದಲ್ಲಾಳಿ ದಸ್ತಗೀರ್ ಸಾಬರ ಮೂಲಕ ಮಾರಿ, ಅದೇ ದಸ್ತಗೀರ್ ಸಾಬರನ್ನು ಟ್ರ್ಯಾಕ್ಟರ್ ಹುಡುಕಲು ಹಚ್ಚಿದರು. ಸಾಬರು ಜೀವಮಾನದಲ್ಲಿ ದನದ ಹೊರತು ಬೇರೇನನ್ನೂ ಮಾರಿಸಿದವರಲ್ಲ. ಆದರೆ ಅಪ್ಪ ಅವರನ್ನು ಬಿಟ್ಟು ಇನ್ನೊಬ್ಬರನ್ನು ನಂಬುವವರಲ್ಲ.

ಹೀಗೆ ಯುಗಾದಿ ಕಳೆದ ವಾರ ನಾವು ಮೂವರು ಬಸ್ಸು ಬದಲಿಸುತ್ತ ಹಿರಿಯೂರು ದಾಟಿ ಜವನಗೊಂಡನಹಳ್ಳಿಗೆ ಬಂದಿಳಿದಿದ್ದೆವು. ನನ್ನನ್ನು ಕರೆತಂದದ್ದು ಓದಲಿಕ್ಕೆ. ಟ್ರ್ಯಾಕ್ಟರಿಗೊಂದು ಪುಸ್ತಕ ಇರುತ್ತದೆಂದೂ ಅದರಲ್ಲಿ ಎಲ್ಲ ಬರೆದಿರುತ್ತದೆಂದೂ ಯಾರೋ ಅಪ್ಪನಿಗೆ ಹೇಳಿದ್ದರು. ನಾನು ಆಗಷ್ಟೇ ಇತಿಹಾಸದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಿದ್ದೆ, ಶಾಸನಗಳ ಓದು ನನ್ನ ವಿಶೇಷ ವಿಷಯ. ಎಂಟುನೂರು ವರ್ಷ ಮಳೆಬಿಸಿಲಿಗೆ ನಿಂತ ಕಲ್ಲಿನ ಮೇಲೆ ಯಾರು ಯಾರಿಗೆ ಎಷ್ಟು ಮತ್ತರು ಭೂಮಿ ಬಿಟ್ಟರು, ಅದರ ಮೂಡಣ ದಿಕ್ಕಿಗೆ ಯಾವ ಹುಣಸೆಮರ ಇತ್ತು ಎಂಬುದನ್ನೆಲ್ಲ ತಡವರಿಸದೆ ಓದಬಲ್ಲೆ. ಈ ವಿದ್ಯೆಯಿಂದ ಮನೆಗೆ ಏನು ಉಪಯೋಗ ಎಂಬ ಪ್ರಶ್ನೆ ನಮ್ಮ ಪಡಸಾಲೆಯಲ್ಲಿ ಆಗಾಗ ಏಳುತ್ತಿತ್ತು. ಈಗ ಒಂದು ಉತ್ತರ ಸಿಕ್ಕಂತಾಯಿತು.

ಟ್ರ್ಯಾಕ್ಟರಿನ ಒಡೆಯರಾದ ತಿಪ್ಪೇಸ್ವಾಮಿ ಐವತ್ತರ ಆಸುಪಾಸಿನ ಸಣಕಲು ಆಳು. ಮಾತು ಕಡಿಮೆ; ಕೇಳಿದ್ದಕ್ಕೆ ಯೋಚಿಸಿ ಉತ್ತರಿಸುವವರು. ಅವರು ಹೊಲವನ್ನೆಲ್ಲ ದಾಳಿಂಬೆಗೆ ತಿರುಗಿಸುವವರಿದ್ದು, ಉಳುವ ಕೆಲಸವೇ ಇಲ್ಲದ ಮೇಲೆ ಟ್ರ್ಯಾಕ್ಟರ್ ಯಾಕೆ ಎಂದು ಮಾರುತ್ತಿದ್ದರು. ನಮ್ಮ ಕಡೆ ಎತ್ತು ಮಾರುವವರಿಗೆ ಒಂದು ಕಟ್ಟಳೆ ಇದೆ. ಹಗ್ಗ ಕೈ ಬದಲಾಗುವ ಮೊದಲು ಕೊಳ್ಳುವವನು ಒಂದೊಂದೇ ದೋಷದ ಹೆಸರೆತ್ತಿ ಕೇಳುತ್ತಾನೆ. ಮಾರುವವನು ಸುಳ್ಳು ಹೇಳುವಂತಿಲ್ಲ. ಕೇಳದೇ ಬಿಟ್ಟದ್ದನ್ನು ತಾನಾಗಿ ಹೇಳಬೇಕೆಂಬ ನಿಯಮವೂ ಇಲ್ಲ. ಅಪ್ಪ ಟ್ರ್ಯಾಕ್ಟರಿನ ಮುಂದೆ ಕೈಕಟ್ಟಿ ನಿಂತು ಶುರುಮಾಡಿದರು.

"ಒದೀತೈತಾ?"

ತಿಪ್ಪೇಸ್ವಾಮಿ ಒಂದು ಗಳಿಗೆ ಯೋಚಿಸಿದರು. "ಕ್ಲಚ್ಚು ಒಂದೀಟು ಒದೀತೈತೆ ಬಸಣ್ಣ. ಬಿಡಬೇಕಾದ್ರೆ ಮೆಲ್ಲಕೆ ಬಿಡಬೇಕು."

"ಮಲಗ್ತೈತಾ?"

"ಚಳಿಗಾಲ್ದಾಗೆ ಬೆಳಿಗ್ಗೆ ಏಳಾಕೆ ಮೊಂಡು. ಎದ್ದ ಮ್ಯಾಲೆ ಮಲಗಾದಿಲ್ಲ."

"ಮೇವು?"

"ಡೀಸೆಲ್ ಹಿತವಾಗಿ ಕುಡೀತೈತೆ. ಎಂಜಿನ್ ಎಣ್ಣೆ ಸ್ವಲ್ಪ ಜಾಸ್ತಿ ಕೇಳ್ತೈತೆ, ಇಲ್ಲ ಅನ್ನಾದಿಲ್ಲ."

ಅಷ್ಟರಲ್ಲಿ ದಸ್ತಗೀರ್ ಸಾಬರು ಹಿಂದಿನ ಗಾಲಿಯ ಬಳಿ ಕುಕ್ಕರುಗಾಲಲ್ಲಿ ಕೂತು ಟೈರಿನ ಗಟ್ಟೆಗಳ ನಡುವೆ ಬೆರಳಿಟ್ಟು ಆಳ ನೋಡುತ್ತಿದ್ದರು. "ಗೌಡ್ರೇ, ಆರು ಹಲ್ಲು. ಇನ್ನಾ ಬಾಯಿಗೂಡಿಲ್ಲ, ನಿಶ್ಚಿಂತೆಯಿಂದ ಹಿಡೀರಿ" ಎಂದು, ಹರೆಯದ ಎತ್ತಿಗೆ ಕೊಡುವ ತೀರ್ಪನ್ನೇ ಕೊಟ್ಟರು.

ಅಪ್ಪ ಇನ್ನೊಂದು ಸುತ್ತು ಬಂದರು. ಎರಡೂ ಗಾಲಿಗಳ ಮೇಲಿನ ಮಡ್ಗಾರ್ಡುಗಳ ಹಿಂದೆ ಬಗ್ಗಿ ನೋಡಿದರು, ಕೈಯಾಡಿಸಿದರು. ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಬ್ಯಾಂಕಿನ ಸಾಲದಲ್ಲಿ ಕೊಂಡ ಹಸು, ಎಮ್ಮೆ, ಎತ್ತುಗಳ ಕಿವಿಗೆ ಆ ಕಾಲದಲ್ಲಿ ಒಂದು ಬಿಲ್ಲೆ ಚುಚ್ಚುತ್ತಿದ್ದರು, ನಂಬರಿನ ಸಮೇತ. ಬಿಲ್ಲೆ ಇದ್ದ ದನವನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಿಲ್ಲೆ ಕಾಣದಿದ್ದ ಮೇಲೆ ಸಾಲವಿದೆಯೇ ಎಂದು ಬಾಯಿಬಿಟ್ಟು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಅದು ಎದುರಿನವನನ್ನು ಕಳ್ಳ ಎಂದಂತೆ. ಅಪ್ಪ ಕಿವಿಗಳಿರಬೇಕಾದ ಜಾಗದಲ್ಲೆಲ್ಲ ನೋಡಿ, ಏನೂ ಕಾಣದೆ, ಸಮಾಧಾನದಿಂದ ನಮ್ಮ ಕಡೆ ತಿರುಗಿ ಕಣ್ಣಲ್ಲೇ ಆಯಿತೆಂದರು.

ಆಮೇಲೆ ಪುಸ್ತಕ ನನ್ನ ಕೈಗೆ ಬಂತು. ತಿಪ್ಪೇಸ್ವಾಮಿಯವರ ಜಗಲಿಯಲ್ಲಿ ಕೂತು ನಾನು ಅದನ್ನು ಶಾಸನ ಓದುವ ಶಿಸ್ತಿನಿಂದಲೇ ಓದಿದೆ. ಎಂಜಿನ್ ನಂಬರನ್ನು ಟ್ರ್ಯಾಕ್ಟರಿನ ಮೇಲಿನ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ. ಒಡೆಯರ ತಂದೆಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದ್ದನ್ನು ಕಂಡುಹಿಡಿದು ಮನಸ್ಸಿನಲ್ಲೇ ಸಣ್ಣದೊಂದು ವಿಜಯವನ್ನು ಆಚರಿಸಿದೆ. ಕೊನೆಗೆ ಹಿಂದಿನ ಪುಟ. ಅಲ್ಲಿ ಮಾಸಿದ ನೇರಳೆ ಬಣ್ಣದ ಒಂದು ಮೊಹರು. ಈ ವಾಹನ ಹಿರಿಯೂರಿನ ಒಂದು ಬ್ಯಾಂಕಿಗೆ ಆಧಾರವಾಗಿದೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿತ್ತು. ಅದನ್ನು ತೀರಿಸಿದ ಗುರುತು, ರದ್ದಾದ ಮೊಹರು, ಮೇಲೊಂದು ಗೀಟು, ಯಾವುದೂ ಇರಲಿಲ್ಲ.

ನಾನು ತಲೆಯೆತ್ತಿದೆ. ತಿಪ್ಪೇಸ್ವಾಮಿ ನನ್ನನ್ನೇ ನೋಡುತ್ತಿದ್ದರು. "ಎಲ್ಲಾ ನೋಡಿದ್ರೇನವ್ವ? ಹಿಂದಿನ ಹಾಳೇನೂ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. "ಸರಿ ಐತೇನವ್ವ?" ಎಂದು ಅಪ್ಪ ಕೇಳಿದರು. ನಂಬರುಗಳು ಸರಿಯಾಗಿದ್ದವು. ಅದಕ್ಕೂ ತಲೆಯಾಡಿಸಿದೆ. ಅಷ್ಟರಲ್ಲಿ ತಿಪ್ಪೇಸ್ವಾಮಿಯವರ ಹೆಂಡತಿ ತಣಿಗೆಗಳನ್ನು ತಂದಿಟ್ಟು, ಬಿಸಿಮುದ್ದೆಯ ಮೇಲೆ ಹುರುಳಿಕಾಳಿನ ಸಾರು ಸುರಿದು, "ಉಣ್ರಿ, ಆರಿಹೋಗ್ತೈತೆ" ಎಂದು ಎದುರಿಗೇ ಕೂತರು. ಅವರ ಅನ್ನ ಉಣ್ಣುತ್ತ ಅವರ ಸಾಲದ ಮಾತೆತ್ತುವುದು ಹೇಗೆ? ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರಾಯಿತು ಎಂದುಕೊಂಡೆ. ಗಂಡಸರ ವ್ಯವಹಾರದ ನಡುವೆ ಮಗಳು ಅಪ್ಪನನ್ನು ಪಕ್ಕಕ್ಕೆ ಕರೆದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದಲ್ಲ ಎಂದು ಅದನ್ನೂ ಬಿಟ್ಟೆ. ಎಲ್ಲರ ಕಣ್ಣು ನನ್ನ ಮೇಲೆ ಬೀಳುವುದೆಂದರೆ ನನಗೆ ಚಿಕ್ಕಂದಿನಿಂದ ಜ್ವರ ಬಂದಷ್ಟು ಸಂಕಟ.

ಊಟವಾದ ಮೇಲೆ ಬೆಲೆಯ ಮಾತು. ಅಪ್ಪ ಕ್ಲಚ್ಚಿನ ಒದೆತವನ್ನು ಮುಂದಿಟ್ಟು ಇಳಿಸಿದಂತೆಲ್ಲ ತಿಪ್ಪೇಸ್ವಾಮಿ ಹೆಚ್ಚು ಹಟಮಾಡದೆ ಇಳಿಯುತ್ತ ಬಂದರು. ಅಪ್ಪನ ಮುಖ ಅರಳಿತು. ಹಣ ಪೂರ್ತಿ ಎಣಿಸಿ ಕೊಟ್ಟರು. ಹಗ್ಗದ ಬದಲು ಕೀಲಿಕೈಯನ್ನು ಎರಡೂ ಕೈಚಾಚಿ ಇಸಿದುಕೊಂಡರು. ಮಾರಿದ ಎತ್ತು ಹಿಂದಿರುಗಿ ಓಡಿಬರಬಾರದೆಂದು ಮಾರಿದವನೇ ಅದನ್ನು ಊರಗಡಿ ದಾಟಿಸಿ ಕೊಡುವುದು ವಾಡಿಕೆ. ತಿಪ್ಪೇಸ್ವಾಮಿ ಆ ವಾಡಿಕೆಗೂ ತಪ್ಪದೆ, ತಾವೇ ಓಡಿಸಿಕೊಂಡು ಹೋಗಿ, ಗಡಿಕಲ್ಲಿನ ಆಚೆ ಇಳಿದು, ಟ್ರ್ಯಾಕ್ಟರಿನ ಬೆನ್ನು ತಟ್ಟಿ ವಾಪಸು ನಡೆದು ಬಂದರು. ಅಪ್ಪ ಮತ್ತು ಸಾಬರು ಆ ಊರಿನ ಡ್ರೈವರೊಬ್ಬನನ್ನು ಕೂರಿಸಿಕೊಂಡು ಹೊಸದುರ್ಗದ ಮೇಲೆ ಹೊಳಲ್ಕೆರೆ ದಾರಿ ಹಿಡಿದರು. ನನಗೆ ಚಿತ್ರದುರ್ಗದಲ್ಲಿ ಅಂಕಪಟ್ಟಿಯ ಕೆಲಸವಿತ್ತು. ಬಸ್ಸು ಹತ್ತಿದೆ.

ಈಗ ನಿಮಗೊಂದು ಮಾತು ಹೇಳುತ್ತೇನೆ. ಹಳೆಯ ವಸ್ತುವನ್ನು ಕೊಳ್ಳುವವರು ವಸ್ತುವನ್ನಷ್ಟೇ ಮನೆಗೆ ತರುತ್ತೇವೆಂದು ತಿಳಿಯುತ್ತಾರೆ. ಅದರ ನೆಂಟರಿಷ್ಟರೆಲ್ಲ ಹಿಂದಿನ ಬಸ್ಸಿಗೆ ಬರುತ್ತಿರುತ್ತಾರೆ. ಹಳೆಯ ಪುಸ್ತಕ ಕೊಂಡರೆ ಒಳಪುಟದಲ್ಲಿ ಯಾರೋ ಯಾರಿಗೋ ಪ್ರೀತಿಯಿಂದ ಕೊಟ್ಟದ್ದು ಇರುತ್ತದೆ. ಪ್ರೀತಿಯಿಂದ ಕೊಟ್ಟದ್ದು ರದ್ದಿ ಅಂಗಡಿಗೆ ಯಾಕೆ ಬಂತೆಂಬ ಚಿಂತೆಯೂ ಅದರ ಜೊತೆಗೇ ನಮ್ಮದಾಗುತ್ತದೆ. ಹಳೆಯ ಬೀರು ತಂದರೆ ಅದರ ಒಂದು ಖಾನೆ ತಮ್ಮ ಮನೆಯ ಕೀಲಿಗೆ ಮಾತ್ರ ತೆರೆಯುತ್ತಿತ್ತೆಂದು ಹಳೆಯ ಒಡತಿ ಎದುರಾದಾಗೆಲ್ಲ ನೆನಪಿಸುತ್ತಾಳೆ. ಆ ದಿನಗಳಲ್ಲಿ ನನ್ನನ್ನು ನೋಡಲೂ ಒಂದಿಬ್ಬರು ಬಂದು ಹೋಗಿದ್ದರು. ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ, ಕನ್ನಡಕ ಯಾವಾಗಿನಿಂದ ಎಂದು ಅಪ್ಪ ಎತ್ತಿನ ಬಗ್ಗೆ ಕೇಳುವ ಕ್ರಮದಲ್ಲೇ ಅವರೂ ಕೇಳಿದ್ದರು. ನಾನು ತಲೆಯಾಡಿಸಿದ್ದೆ. ಕೇಳದೇ ಬಿಟ್ಟದ್ದು ಬಹಳವಿತ್ತು. ಅದನ್ನು ಹೇಳುವ ಗೋಜಿಗೆ ನಾನೂ ಹೋಗಲಿಲ್ಲ. ತಿಪ್ಪೇಸ್ವಾಮಿಯವರ ಮೇಲೆ ನನಗೆ ಎಂದೂ ಪೂರ್ತಿ ಸಿಟ್ಟು ಬಾರದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಮರುದಿನ ನಾನು ಊರು ತಲುಪುವಷ್ಟರಲ್ಲಿ ಟ್ರ್ಯಾಕ್ಟರು ನಮ್ಮ ಕಣದಲ್ಲಿ ಮದುವಣಿಗನ ಹಾಗೆ ನಿಂತಿತ್ತು. ಅವ್ವ ಆರತಿ ಎತ್ತಿ, ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು ಮುಗಿಸಿದ್ದಳು. ಅಪ್ಪ ಸುತ್ತ ನೆರೆದವರಿಗೆ ಕ್ಲಚ್ಚಿನ ಕಥೆ ಹೇಳುತ್ತಿದ್ದರು. "ಒಂದೇ ಮಾತು ಕೇಳ್ದೆ ನೋಡು, ಒದೀತೈತಾ ಅಂತ. ಅಲ್ಲಿಂದ ಇಳಿಯಾಕೆ ಹತ್ತಿದ!" ಆ ಸಂಭ್ರಮದ ನಡುವೆ ನೇರಳೆ ಮೊಹರಿನ ಮಾತನ್ನು ತರುವಷ್ಟು ಕಲ್ಲು ಹೃದಯ ನನಗಿರಲಿಲ್ಲ. ನಾಳೆ ಹೇಳಿದರಾಯಿತೆಂದೆ. ನಾಳೆಗೂ ಅದರದ್ದೇ ಆದ ನಾಳೆಯೊಂದಿತ್ತು. ಜೊತೆಗೆ ನನ್ನ ವಿದ್ಯೆ ನನ್ನ ನೆರವಿಗೆ ಬಂತು. ಎಷ್ಟೋ ದತ್ತಿಗಳು ಸತ್ತು ಶತಮಾನಗಳಾದ ಮೇಲೂ ಅವುಗಳ ಕಲ್ಲು ನಿಂತೇ ಇರುತ್ತದೆ. ಹಾಗೆಯೇ ಸಾಲ ತೀರಿದ್ದು ಮೊಹರೊಂದೇ ಉಳಿದಿರಬಾರದೇಕೆ ಎಂದು ತರ್ಕಿಸಿದೆ. ಇಂಥ ಸಮಯದಲ್ಲಿ ಓದಿದವರಿಗೆ ಸಿಗುವಷ್ಟು ನೆಪಗಳು ಓದದವರಿಗೆ ಸಿಗುವುದಿಲ್ಲ. ಪುಸ್ತಕದಲ್ಲಿ ಹೆಸರು ಬದಲಾವಣೆಗೆ ಚಿತ್ರದುರ್ಗದ ಆರ್‌ಟಿಒ ಕಚೇರಿಗೆ ಹೋಗಬೇಕೆಂದು ನಾನು ಎರಡು ಸಲ ಸೂಚಿಸಿದೆ. "ಎತ್ತಿಗೆ ಹೆಸರು ಬದಲಾಯಿಸ್ತಾರೇನವ್ವ? ಬಿತ್ನೆ ಮುಗೀಲಿ, ಹೋಗಾಣ" ಎಂದರು ಅಪ್ಪ.

ಬಿತ್ತನೆಗೆ ಹದ ಬಂದ ವಾರವೇ ಕಣಕ್ಕೆ ಜೀಪು ಬಂತು. ಬ್ಯಾಂಕಿನ ಅಧಿಕಾರಿ ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರು, ಬಿಸಿಲಿಗೆ ಕೆಂಪಾಗಿದ್ದರು. ಅಪ್ಪ ಅವರನ್ನು ಸಾಲದ ಪ್ರಚಾರಕ್ಕೆ ಬಂದವರೆಂದು ತಿಳಿದು, "ಬರ್ರಿ ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿ ಮಜ್ಜಿಗೆ ಕೊಡಿಸಿದರು. ಅವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು ವಿಷಯ ಹೇಳಿದರು. ಎರಡು ಕಂತು ಬಂದಿಲ್ಲ. ಜವನಗೊಂಡನಹಳ್ಳಿಗೆ ಹೋಗಿ ಕೇಳಿದರೆ ಟ್ರ್ಯಾಕ್ಟರ್ ಇಲ್ಲಿದೆ ಎಂದು ತಿಪ್ಪೇಸ್ವಾಮಿಯೇ ವಿಳಾಸ ಕೊಟ್ಟರು.

"ನಾನು ಪೂರ್ತಿ ದುಡ್ಡು ಕೊಟ್ಟು ತಂದೀನಿ ಸ್ವಾಮಿ" ಎಂದರು ಅಪ್ಪ.

"ನೀವು ಕೊಟ್ಟಿರಬಹುದು ಯಜಮಾನ್ರೇ, ಕೊಟ್ಟದ್ದು ಅವರಿಗೆ. ಸಾಲ ತೀರೋವರೆಗೂ ಟ್ರ್ಯಾಕ್ಟರ್ ಮೇಲಿನ ಹಕ್ಕು ಬ್ಯಾಂಕಿಂದು. ನೋಡಿ ತಗೋಬೇಕಿತ್ತು."

"ನೋಡಿದ್ನಲ್ಲ! ಎಮ್ಮೆಗಾದ್ರೆ ಕಿವಿಗೆ ಬಿಲ್ಲೆ ಹಾಕ್ತೀರಿ, ಕುರುಡನಿಗೂ ಗೊತ್ತಾಗ್ತೈತೆ. ಇದಕ್ಕೆ ಎಲ್ಲಿ ಹಾಕೀರಿ ತೋರಿಸ್ರಿ!"

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಇದಕ್ಕೆ ಕಿವಿ ಇಲ್ವಲ್ಲ ಯಜಮಾನ್ರೇ, ಪುಸ್ತಕದಲ್ಲಿ ಹಾಕಿರ್ತೀವಿ" ಎಂದರು. ಹದಿನೈದು ದಿನದೊಳಗೆ ಬಾಕಿ ಕಟ್ಟದಿದ್ದರೆ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗುವುದಾಗಿ ಕಾಗದ ಕೊಟ್ಟು ಹೊರಟರು. ಹಳೆಯ ಶಾಸನಗಳ ಕೊನೆಯಲ್ಲಿ, ಈ ಧರ್ಮವನ್ನು ಅಳಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬಂಥ ಶಾಪವಿರುತ್ತದೆ. ಬ್ಯಾಂಕಿನವರಿಗೆ ಅಷ್ಟೊಂದು ಕಾಯುವ ತಾಳ್ಮೆಯಿಲ್ಲ.

ನಗುವ ಸ್ಥಿತಿಯಲ್ಲಿ ನಾವಿರಲಿಲ್ಲ. ಹೊಲ ಉತ್ತು ಬಿದ್ದಿತ್ತು, ಬೀಜ ಮನೆಗೆ ಬಂದಿತ್ತು, ಎತ್ತುಗಳು ಇರಲಿಲ್ಲ. ಟ್ರ್ಯಾಕ್ಟರು ಹೋದರೆ ಆ ವರ್ಷದ ಬಿತ್ತನೆಯೂ ಅದರ ಹಿಂದೆಯೇ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅಪ್ಪನನ್ನು ಕೊರೆದದ್ದು ಬೇರೆ. ಎತ್ತಿನ ಕಣ್ಣು ನೋಡಿ ಅದರ ಹುಟ್ಟಿದೂರು ಹೇಳುತ್ತಾರೆಂದು ಹೆಸರಾದವರು ಒಬ್ಬ ಮನುಷ್ಯನ ಮುಖ ಓದುವುದರಲ್ಲಿ ಸೋತಿದ್ದರು. "ಮೋಸ ಮಾಡ್ಬಿಟ್ಟ. ಮುದ್ದೆ ಉಣ್ಸಿ ಮೋಸ ಮಾಡ್ದ" ಎಂದು ಕಣದ ಉದ್ದಕ್ಕೂ ಓಡಾಡಿ, ನನ್ನ ಮುಂದೆ ಬಿಳಿ ಹಾಳೆ ಇಟ್ಟು, "ಬರಿಯವ್ವ ಪೊಲೀಸ್ ಅರ್ಜಿ. ನಿನ್ನ ಎಂ.ಎ. ಓದೆಲ್ಲಾ ಇದ್ರಾಗೆ ಹಾಕು" ಎಂದರು.

ಬರೆದೆ. ಒಳ್ಳೆಯ ಅರ್ಜಿಯೇ ಬಂತು. 'ಸಾಲದ ವಿಷಯವನ್ನು ನಮ್ಮಿಂದ ಮರೆಮಾಚಿ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಮರೆಮಾಚಿದ್ದು ಯಾರು? ತಿಪ್ಪೇಸ್ವಾಮಿ ಪುಸ್ತಕವನ್ನು ನನ್ನ ಕೈಗೇ ಕೊಟ್ಟಿದ್ದರು, ಹಿಂದಿನ ಹಾಳೆಯ ಹೆಸರನ್ನೂ ಎತ್ತಿದ್ದರು. ಹೆಸರಿನಲ್ಲಿ ಬಿಟ್ಟುಹೋದ ಒಂದಕ್ಷರವನ್ನು ಸಹಿಸದವಳು ಒಬ್ಬ ಮನುಷ್ಯನನ್ನು ಠಾಣೆಗೆ ಎಳೆಯುವ ಸುಳ್ಳನ್ನು ದುಂಡಗಿನ ಅಕ್ಷರದಲ್ಲಿ ಬರೆಯುತ್ತ ಕೂತಿದ್ದೆ. ಆಗಲಾದರೂ ಅಪ್ಪನಿಗೆ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಕೊಡೋದಕ್ಕೆ ಮುಂಚೆ ಒಂದು ಸಲ ಹೋಗಿ ಅವರನ್ನೇ ಕೇಳೋಣ ಅಪ್ಪಾಜಿ."

ಮತ್ತೆ ಅದೇ ಜಗಲಿ, ಅದೇ ಮೂವರು. ಅರ್ಜಿ ನನ್ನ ಚೀಲದಲ್ಲಿತ್ತು. ಜಗಲಿಯ ಎದುರು ಮೊಣಕಾಲೆತ್ತರದ ದಾಳಿಂಬೆ ಗಿಡಗಳು ಸಾಲಾಗಿ ನಿಂತಿದ್ದವು. ನಮ್ಮ ಹಣ ಚಿಗುರಿ ನಿಂತದ್ದನ್ನು ಅಪ್ಪ ದುರುಗುಟ್ಟಿ ನೋಡಿದರು. ತಿಪ್ಪೇಸ್ವಾಮಿ ಮಾತ್ರ ನೆಂಟರು ಬಂದಷ್ಟು ಸಂತೋಷದಿಂದ ಬರಮಾಡಿಕೊಂಡು, "ಯಾಕ್ ಬಸಣ್ಣ, ಕಂತು ಕಟ್ಟಾದು ಮರೆತ್ಬಿಟ್ರಂತೆ? ಬ್ಯಾಂಕ್ನೋರು ನಮ್ಮನೇಗೆ ಬಂದಿದ್ರು" ಎಂದರು.

ಸಾಬರು ಎದ್ದು ನಿಂತರು. "ಏನಪ್ಪ ತಿಪ್ಪೇಸ್ವಾಮಿ, ಮಾತಾಡಾಕೆ ನಾಚ್ಕೆ ಆಗಲ್ವಾ? ಸಾಲ ಇರಾದು ಮುಚ್ಚಿಟ್ಟು ಮಾರಿದೋನು ನೀನು, ಕಂತು ಗೌಡ್ರು ಕಟ್ಟಬೇಕಾ? ನನ್ನ ದಲ್ಲಾಳಿಕೇಗೇ ಮಸಿ ಬಳಿದ್ಯಲ್ಲೋ!"

"ಯಾರು ಮುಚ್ಚಿಟ್ಟೋರು ಸಾಬ್ರೇ?" ತಿಪ್ಪೇಸ್ವಾಮಿಯವರ ದನಿ ಮೊದಲ ಬಾರಿಗೆ ಏರಿತು. "ಒದೀತೈತಾ ಅಂದ್ರು, ಒದೀತೈತೆ ಅಂದೆ. ಎಣ್ಣೆ ಕುಡಿಯಾದು ಹೇಳ್ದೆ. ಪುಸ್ತಕ ಮುಚ್ಚಿಟ್ನಾ? ಈ ಅವ್ವನ ಕೈಯಾಗೆ ಕೊಟ್ಟೆ. ಹಿಂದಿನ ಹಾಳೆ ನೋಡಿದ್ಯೇನವ್ವ ಅಂತ ನಾನಾಗೇ ಕೇಳ್ದೆ. ನೋಡಿ ತಲೆ ಆಡಿಸಿದ್ರು. ಸಾಲದ ಸಮೇತ ಹಿಡೀತಾರೆ ಅಂದ್ಕಂಡೆ. ಇಲ್ದಿದ್ರೆ ಆ ರೇಟಿಗೆ ಯಾವನು ಕೊಡ್ತಾನೆ? ಬಸಣ್ಣ ಇಳಿಸಿದಂಗೆಲ್ಲ ನಾನು ಯಾಕೆ ಇಳಿದೆ ಅಂತೀರಿ, ಕ್ಲಚ್ಚಿಗಾ?"

ಒಳಗಿನ ಬಾಗಿಲಿಂದ ಅವರ ಹೆಂಡತಿ, "ಓದಿದೋರು ನೋಡಿ ಹೂಂ ಅಂದ ಮ್ಯಾಲೆ ಓದದೋರು ಏನು ತಿಳ್ಕಬೇಕು?" ಎಂದರು.

ಈಗ ಎಲ್ಲರ ಕಣ್ಣು ನನ್ನ ಮೇಲಿತ್ತು. ಅಪ್ಪನ ಕಣ್ಣಿನಲ್ಲಿ ಸಣ್ಣದೊಂದು ಬೇಡಿಕೆಯಿತ್ತು: ಇಲ್ಲ ಎಂದು ಹೇಳು. ಇಲ್ಲ ಎಂದರೆ ಸಾಕಿತ್ತು. ಎದುರಿನ ಮನುಷ್ಯ ಮೋಸಗಾರನಾಗುತ್ತಿದ್ದ, ಅಪ್ಪ ಮೋಸಹೋದ ಸಜ್ಜನರಾಗುತ್ತಿದ್ದರು, ಕ್ಲಚ್ಚಿನ ಕಥೆಗೂ ಒಂದು ಮರ್ಯಾದೆ ಉಳಿಯುತ್ತಿತ್ತು, ನಾನು ಯಾರಿಗೂ ಕಾಣದ ಹಾಗೆ ಮತ್ತೆ ಮೂಲೆಗೆ ಸರಿಯಬಹುದಿತ್ತು. ಮರೆತೆ ಎಂದರೂ ನಡೆಯುತ್ತಿತ್ತು. ಆದರೆ ಮೊಹರಿನ ಬಣ್ಣ ನೇರಳೆ ಎಂಬುದು ಸಹ ನೆನಪಿದ್ದವಳು ಮರೆತೆ ಎನ್ನುವುದು ಹೇಗೆ?

"ನೋಡಿದ್ದೆ ಅಪ್ಪಾಜಿ" ಎಂದೆ. "ಓದಿದ್ದೆ. ಅರ್ಥವೂ ಆಗಿತ್ತು. ಎಲ್ಲರ ಮುಂದೆ ಹೇಳೋಕೆ ಸಂಕೋಚವಾಯ್ತು. ಆಮೇಲೆ ಹೇಳೋಕೆ ಭಯವಾಯ್ತು."

ಅಪ್ಪ ದಾಳಿಂಬೆ ಗಿಡಗಳ ಕಡೆ ಮುಖ ತಿರುಗಿಸಿದರು. ನನ್ನ ಮೇಲೆ ರೇಗಲಿಲ್ಲ, ರೇಗಿದ್ದರೆ ಹಗುರವಾಗುತ್ತಿತ್ತು. ಯಾರನ್ನೂ ನೋಡದೆ, "ಹಂಗಾದ್ರೆ ಕ್ಲಚ್ಚಿಗೆ ಇಳೀಲಿಲ್ಲ ಅನ್ನು ನೀನು" ಎಂದರು.

"ಕ್ಲಚ್ಚಿಗೂ ಒಂದೀಟು ಇಳಿದೆ ಬಸಣ್ಣ" ಎಂದರು ತಿಪ್ಪೇಸ್ವಾಮಿ. ಸುಳ್ಳು ಹೇಳದ ಆ ಮನುಷ್ಯ ಅಂದು ಹೇಳಿದ ಸುಳ್ಳು ಅದೊಂದೇ ಎಂದು ನನ್ನ ಗುಮಾನಿ.

ಮೊದಲು ನಕ್ಕವರು ಸಾಬರು. "ಗೌಡ್ರೇ, ನನಗೂ ಬುದ್ಧಿ ಇಲ್ಲ. ಟೈರಿನ ಹಲ್ಲು ಎಣಿಸ್ತಾ ಕುಂತಿದ್ದೆ. ಈಗ ಆಗಿದ್ದಾತು, ಕೈ ಕೊಡ್ರಿ ಇಬ್ರೂ" ಎಂದು ಹೆಗಲ ಮೇಲಿನ ಟವೆಲ್ಲನ್ನು ಬಿಚ್ಚಿ ಅವರಿಬ್ಬರ ನಡುವೆ ಹರಡಿದರು. ದನದ ಸಂತೆಯಲ್ಲಿ ವ್ಯಾಪಾರ ಕುದುರಿಸುವ ಬಗೆ ಅದು. ಬಟ್ಟೆಯ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರೆ; ಸುತ್ತ ನಿಂತವರಿಗೆ ಬಟ್ಟೆ ಅಲುಗುವುದಷ್ಟೇ ಕಾಣುತ್ತದೆ. ಕೊಂಡ ದಿನ ಬೆಲೆಯನ್ನು ಎಲ್ಲರ ಮುಂದೆ ಬಾಯಿಬಿಟ್ಟು ಆಡಿದ್ದವರು ಈಗ ತಪ್ಪನ್ನು ಹಂಚಿಕೊಳ್ಳಲು ಬಟ್ಟೆಯ ಮರೆಗೆ ಹೋದರು. ಉಳಿದ ಸಾಲದಲ್ಲಿ ಯಾರ ಪಾಲು ಎಷ್ಟು ಎಂಬುದು ಅಲ್ಲಿ, ಆ ಬೆರಳುಗಳ ನಡುವೆ ತೀರ್ಮಾನವಾಯಿತು. ಅಪ್ಪನ ಹುಬ್ಬು ಒಮ್ಮೆ ಗಂಟಿಕ್ಕಿತು, ತಿಪ್ಪೇಸ್ವಾಮಿ ಒಮ್ಮೆ ತಲೆ ಕೊಡವಿದರು, ಕೊನೆಗೆ ಟವೆಲ್ಲಿನ ಅಲುಗಾಟ ನಿಂತಿತು.

ನಾನು ಅದನ್ನು ನೋಡುತ್ತ ಯೋಚಿಸಿದೆ. ಗುಟ್ಟು ಕಾಯುವುದನ್ನು ನಾನು ನನ್ನದೇ ಸ್ವಭಾವದ ಒಂದು ಸೊಗಸೆಂದು ತಿಳಿದಿದ್ದೆ. ಇವರೂ ಗುಟ್ಟು ಕಾಯುವವರೇ. ಒಬ್ಬರಿಗೊಬ್ಬರು ಕೈಹಿಡಿದುಕೊಂಡೇ ಕಾಯುತ್ತಾರೆ. ಎದುರಿನವನಿಗೆ ತಿಳಿಯಬೇಕಾದ್ದೆಲ್ಲ ತಿಳಿದ ಮೇಲೆ ಮೂರನೆಯವರಿಂದ ಮರೆಸುತ್ತಾರೆ. ನಾನು ತಿಳಿಯಲೇಬೇಕಾದವರಿಂದಲೇ ಮರೆಸಿಟ್ಟು ಅದನ್ನು ಸಂಕೋಚವೆಂದು ಕರೆದುಕೊಂಡಿದ್ದೆ.

"ಆ ಅರ್ಜಿ ಐತಲ್ಲವ್ವ ಚೀಲದಾಗೆ?" ಎಂದರು ಅಪ್ಪ.

"ಐತೆ."

"ತೆಗಿ. ಅದರ ಹಿಂದ್ಲ ಮಗ್ಲಿಗೆ ಬರಿ. ಬಾಕಿ ಇಬ್ರೂ ಸೇರಿ ತೀರಿಸ್ತೀವಿ ಅಂತ. ಎಷ್ಟೆಷ್ಟು ಅನ್ನಾದು ಬ್ಯಾಡ."

"ಯಾವ ಅರ್ಜಿ?" ಎಂದು ತಿಪ್ಪೇಸ್ವಾಮಿ ಕೇಳಿದರು. ಅಪ್ಪ ನನ್ನ ಕಡೆ ನೋಡಿದರು. ನಾನು ಹಾಳೆಯನ್ನು ಅವರ ಕೈಗೇ ಕೊಟ್ಟೆ. ಅವರು ನಿಧಾನವಾಗಿ, ತುಟಿಯಾಡಿಸುತ್ತ ಪೂರ್ತಿ ಓದಿದರು. "ಮರೆಮಾಚಿ ಅನ್ನಾದೊಂದು ಹೊಡೆದು ಹಾಕ್ರವ್ವ. ಉಳಿದಿದ್ದು ಚೆನ್ನಾಗಿ ಬರ್ದೀರಿ" ಎಂದು ವಾಪಸು ಕೊಟ್ಟರು. ಹೊಡೆದುಹಾಕಿದೆ. ಅವರ ಹೆಂಡತಿ ಮತ್ತೆ ತಣಿಗೆ ತಂದಿಟ್ಟರು. ಮುದ್ದೆ ಅಂದಿಗಿಂತ ದೊಡ್ಡದಿತ್ತು. ಸಿಟ್ಟಿಗೋ ಪ್ರೀತಿಗೋ ತಿಳಿಯಲಿಲ್ಲ, ಉಂಡೆ.

ಹದಿನೈದು ದಿನ ತುಂಬುವ ಮೊದಲೇ ಹಿರಿಯೂರಿನ ಬ್ಯಾಂಕಿನಲ್ಲಿ ಉಳಿದ ಸಾಲವನ್ನೆಲ್ಲ ಕಟ್ಟಿದೆವು. ಯಾರ ಹೆಸರಿಗೆ ರಸೀದಿ, ಯಾರದೆಷ್ಟು ಎಂದು ಗುಮಾಸ್ತರು ಕೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, "ಒಂದೇ ಬರೀರಿ" ಎಂದರು. ಮ್ಯಾನೇಜರು ಸಾಲ ತೀರಿದೆಯೆಂಬ ಪತ್ರಕ್ಕೆ ಸಹಿ ಹಾಕಿ ಅಪ್ಪನ ಕೈಗಿತ್ತರು. ಅಪ್ಪ ಅದನ್ನು ನನ್ನ ಕೈಗಿತ್ತು, "ಓದವ್ವ" ಎಂದರು.

ನಾನು ಅಭ್ಯಾಸಬಲದಿಂದ ಕಣ್ಣಾಡಿಸತೊಡಗಿದೆ.

"ಗಟ್ಟಿಗೆ."

ಬ್ಯಾಂಕು ತುಂಬಿತ್ತು. ಪಾಸ್‌ಬುಕ್ ಹಿಡಿದವರು, ಡ್ರಾಫ್ಟಿಗೆ ಕಾದವರು, ಪೆನ್ನು ಕೇಳುತ್ತ ತಿರುಗುವವರು. ನಾನು ಗಂಟಲು ಸರಿಮಾಡಿಕೊಂಡು ಬ್ಯಾಂಕಿನ ವಿಳಾಸದಿಂದ ಶುರುಮಾಡಿದೆ. ಎಂಜಿನ್ ನಂಬರು ಓದಿದೆ, ಚಾಸಿ ನಂಬರು ಓದಿದೆ, ಒಂದೊಂದು ವಾಕ್ಯವನ್ನೂ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ತಿರುಗಿದರು. ಈ ವಾಹನದ ಮೇಲೆ ಬ್ಯಾಂಕಿನ ಹಕ್ಕು ಇನ್ನಿಲ್ಲ ಎಂಬಲ್ಲಿಗೆ ಬಂದಾಗ ಎಲ್ಲ ಕಣ್ಣುಗಳೂ ನನ್ನ ಮೇಲಿದ್ದವು. ನನ್ನ ಕಿವಿ ಕಾದಿತ್ತು, ದನಿ ಮಾತ್ರ ನಿಲ್ಲಲಿಲ್ಲ.

"ಸಾಕಮ್ಮ, ಮುಖ್ಯವಾದ್ದು ಆಯ್ತಲ್ಲ" ಎಂದರು ಮ್ಯಾನೇಜರು.

"ಇರ್ಲಿ ಬಿಡ್ರಿ ಸಾರ್" ಎಂದರು ತಿಪ್ಪೇಸ್ವಾಮಿ. "ಹಿಂದಿನ ಹಾಳೇನೂ ನೋಡ್ಲಿ."

ಹಾಳೆ ತಿರುಗಿಸಿದೆ. ಹಿಂದೆ ಏನೂ ಇರಲಿಲ್ಲ. ಏನೂ ಇಲ್ಲ ಎಂಬುದನ್ನೂ ಗಟ್ಟಿಯಾಗಿಯೇ ಹೇಳಿದೆ.